ಬೀಗವಿಲ್ಲದ ಸೆರೆಮನೆ

ಹೋದ ತಿಂಗಳು ಒಂದು ಬೆಳಿಗ್ಗೆ ನೂಲಿನ ಗಿರಣಿಯ ಕೆಲಸಗಾರರೊಬ್ಬರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಮೊಬೈಲು. ಹಿಂದಿನ ರಾತ್ರಿ ಪಾಳಿ ಮುಗಿಸಿ ಬಂದು, ತಮ್ಮ ಪ್ರಾವಿಡೆಂಟ್ ಫಂಡಿನ ಲೆಕ್ಕ ನೋಡಲೆಂದು ಹುಡುಕಿ, ಮೇಲುಗಡೆ ಕಂಡ ಒಂದು ಜಾಹೀರಾತನ್ನು ಒತ್ತಿದ್ದರು. ಕೂಡಲೇ ಪರದೆಯೆಲ್ಲ ಕೆಂಪಾಗಿ, ಸೈರನ್ನು ಕೂಗತೊಡಗಿತು. ಸರ್ಕಾರದ ಮುದ್ರೆಯಂತಹ ಒಂದು ಚಿತ್ರ. ಅದರ ಕೆಳಗೆ, ನೀವು ನಿಷಿದ್ಧ ಚಿತ್ರಗಳನ್ನು ನೋಡಿದ್ದೀರಿ, ನಿಮ್ಮ ಫೋನಿಗೆ ಬೀಗ ಹಾಕಲಾಗಿದೆ, ಆರು ಗಂಟೆಯೊಳಗೆ ದಂಡ ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ ಎಂಬ ಬರಹ. ಹಿಂದಕ್ಕೆ ಹೋಗುವ ಗುರುತನ್ನು ಎಷ್ಟು ಸಲ ಒತ್ತಿದರೂ ಅದೇ ಪುಟ. ಮೊಬೈಲನ್ನು ಅಕ್ಕಿಯ ಡಬ್ಬಿಯೊಳಗೆ ಹುಗಿದು ಅವರು ರಾತ್ರಿಯೆಲ್ಲ ಎದ್ದು ಕುಳಿತಿದ್ದರು. ಹೆಂಡತಿಗೂ ಹೇಳಲಿಲ್ಲ. ಬೆಳಗಾದ ಮೇಲೆ ಆಕೆಯ ಬೆಂಡೋಲೆಯನ್ನು ಜೇಬಿಗೆ ಹಾಕಿಕೊಂಡು ಗಿರವಿ ಅಂಗಡಿಗೆ ಹೊರಟವರು, ದಾರಿಯಲ್ಲಿ ನಮ್ಮ ಬೋರ್ಡು ಕಂಡು ಒಳಗೆ ಬಂದರು.

ನಮ್ಮಲ್ಲಿ ಪುಟ ಜೋಡಿಸುವ ಹುಡುಗ ಮೊಬೈಲನ್ನು ತೆಗೆದುಕೊಂಡ. ಅರ್ಧ ನಿಮಿಷದಲ್ಲಿ ಆ ಪುಟವನ್ನು ಮುಚ್ಚಿ ಅವರ ಕೈಗೆ ಹಿಂದಕ್ಕೆ ಕೊಟ್ಟ. ಅವರು ಪರದೆಯನ್ನೂ ಹುಡುಗನನ್ನೂ ಮಾರಿ ಮಾರಿ ನೋಡಿ, "ಇಷ್ಟೇನಾ?" ಎಂದರು.

ಹೌದು, ಇಷ್ಟೇ. ಇಷ್ಟೇ ಎಂಬುದು ನಮ್ಮ ಜನಕ್ಕೆ ಗೊತ್ತಿಲ್ಲದಿರುವುದರಿಂದಲೇ ಈ ದಂಧೆ ನಡೆಯುತ್ತಿದೆ. ಆದುದರಿಂದ ಈ ವಾರ ಇದನ್ನೇ ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ತಿಳಿಯಬೇಕಾದ ಮಾತು: ಅಲ್ಲಿ ಬೀಗವೇ ಇಲ್ಲ. ಮೊಬೈಲಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ನಾವು ಬ್ರೌಸರಿನ ಮೂಲಕ ನೋಡುವ ಪ್ರತಿಯೊಂದು ಪುಟಕ್ಕೂ ಕೆಲವು ಸಣ್ಣ ಅಧಿಕಾರಗಳುಂಟು. ಒಂದು ಸೂಚನೆಯ ಚೌಕವನ್ನು ಮುಂದೆ ತಂದು ನಿಲ್ಲಿಸಬಹುದು. ನೀವು ಹೊರಡುವಾಗ, ನಿಜವಾಗಿಯೂ ಹೋಗುತ್ತೀರಾ ಎಂದು ಕೇಳಬಹುದು. ಪರದೆಯನ್ನೆಲ್ಲ ಆವರಿಸಬಹುದು, ಶಬ್ದ ಮಾಡಬಹುದು. ಇವೆಲ್ಲ ಒಳ್ಳೆಯ ಕೆಲಸಕ್ಕಾಗಿಯೇ ಕೊಟ್ಟ ಅಧಿಕಾರಗಳು. ಅರ್ಧ ತುಂಬಿದ ಅರ್ಜಿ ಹಾಳಾಗದಿರಲೆಂದು ಆ ಪ್ರಶ್ನೆ. ಸಿನಿಮಾ ನೋಡಲೆಂದು ದೊಡ್ಡ ಪರದೆ. ದಗಾಕೋರನು ಮಾಡುವುದಿಷ್ಟೇ: ಈ ನಾಲ್ಕನ್ನೂ ಒಟ್ಟಿಗೆ ಕಟ್ಟಿ, ಒಂದನ್ನು ಮುಚ್ಚಿದೊಡನೆ ಇನ್ನೊಂದು ಏಳುವಂತೆ ಮಾಡುತ್ತಾನೆ. ಹಿಂದಕ್ಕೆ ಹೋಗುವ ದಾರಿಯ ತುಂಬ ತನ್ನದೇ ಪುಟವನ್ನು ಹತ್ತಾರು ಸಲ ಇಟ್ಟಿರುತ್ತಾನೆ. ಆದರೆ ಆ ಪುಟಕ್ಕೆ ತನ್ನ ಕಿಟಕಿಯ ಹೊರಗೆ ಕೈ ಚಾಚುವ ಶಕ್ತಿಯಿಲ್ಲ. ನಿಮ್ಮ ಫೋನಿಗೆ ಬೀಗ ಹಾಕುವ ಶಕ್ತಿಯಂತೂ ಮೊದಲೇ ಇಲ್ಲ. ಹಗ್ಗವನ್ನು ಹಾವೆಂದು ತೋರಿಸುವ ಆಟ ಇದು. ವ್ಯತ್ಯಾಸವೆಂದರೆ, ಇಲ್ಲಿ ಯಾರೋ ಕತ್ತಲೆಯಲ್ಲಿ ಬೇಕೆಂದೇ ಹಗ್ಗವನ್ನು ಎಸೆದಿದ್ದಾರೆ.

ಓದು ಬಾರದವರು ಮಾತ್ರ ಇದಕ್ಕೆ ಸಿಕ್ಕಿಬೀಳುತ್ತಾರೆಂದು ಕೆಲವು ಸುಶಿಕ್ಷಿತರು ಹೇಳುವುದುಂಟು. ಇದು ಸುಳ್ಳು. 2013ರಲ್ಲಿ ಅಮೆರಿಕದಲ್ಲಿ ಎಫ್‌ಬಿಐ ಹೆಸರು ಹೊತ್ತ ಇಂಥದೇ ಪುಟ ಆಪಲ್ ಕಂಪ್ಯೂಟರುಗಳಲ್ಲಿ ಕಾಣಿಸಿಕೊಂಡು 300 ಡಾಲರು ದಂಡ ಕೇಳಿತು. ಅದರಿಂದ ಹೊರಬರಬೇಕಾದರೆ ಹೋಗುತ್ತೇನೆ ಎಂದು 150 ಸಲ ಒತ್ತಬೇಕಾಗಿತ್ತು. ಅಷ್ಟು ಸಲ ಒತ್ತುವ ತಾಳ್ಮೆ ಯಾರಿಗಿದ್ದೀತು? ದುಬಾರಿ ಬೆಲೆಯ ಯಂತ್ರಗಳನ್ನು ಕೊಂಡ ಆ ದೇಶದವರೇ ಹೆದರಿದ ಮೇಲೆ, ದಿನವೆಲ್ಲ ಯಂತ್ರದ ಮುಂದೆ ನಿಂತು ದಣಿದು ಬಂದ ನಮ್ಮವರು ಹೆದರಿದರೆ ಅದರಲ್ಲಿ ನಾಚಿಕೆಯೇನಿದೆ?

ನಾಚಿಕೆ ಎಂಬ ಈ ಮಾತೇ ಇಲ್ಲಿ ಮುಖ್ಯ. ಆ ಪುಟವು ನಿಷಿದ್ಧ ಚಿತ್ರಗಳ ಆರೋಪವನ್ನೇ ಏಕೆ ಹೊರಿಸುತ್ತದೆ? ತೆರಿಗೆ ಬಾಕಿ ಎಂದಿದ್ದರೆ ಮನುಷ್ಯ ಹತ್ತು ಜನರನ್ನು ಕೇಳುತ್ತಾನೆ. ಕೊಳಕು ಆರೋಪ ಬಂದರೆ ಬಾಯಿ ಮುಚ್ಚಿಕೊಂಡು ಒಬ್ಬನೇ ಕುಳಿತುಬಿಡುತ್ತಾನೆ. ಒಬ್ಬನೇ ಕುಳಿತವನನ್ನು ಸುಲಿಯುವುದು ಸುಲಭ. ಕೂಲಿ ಕಡಿತದ ವಿಷಯದಲ್ಲಿ ನಮ್ಮ ಕೆಲಸಗಾರರು ಬಹಳ ಹಿಂದೆಯೇ ಕಲಿತ ಪಾಠ ಇದು. ದಗಾಕೋರನು ಹೂಡಿರುವ ಬಂಡವಾಳ ಯಂತ್ರವಲ್ಲ, ನಮ್ಮ ಮೌನ.

ಇನ್ನು ಹೊರಬರುವ ದಾರಿ. ಇದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿಕೊಂಡರೂ ನಮಗೆ ಸಂತೋಷವೇ.

ಒಂದನೆಯದು, ಆ ಪುಟದೊಳಗಿನ ಯಾವ ಗುಂಡಿಯನ್ನೂ ಒತ್ತಕೂಡದು. ಮುಚ್ಚಿ ಎಂದು ಬರೆದಿರುವ ಗುಂಡಿಯೂ ಅವನೇ ಬರೆದದ್ದು. ಅಲ್ಲಿ ಕೊಟ್ಟಿರುವ ನಂಬರಿಗೆ ಫೋನು ಮಾಡಕೂಡದು. ಯಾವ ಆಪ್ ಅನ್ನೂ ಹಾಕಿಕೊಳ್ಳಕೂಡದು.

ಎರಡನೆಯದು, ಮೊಬೈಲಿನಲ್ಲಾದರೆ ಮೊದಲ ಪರದೆಗೆ ಬನ್ನಿರಿ. ತೆರೆದಿರುವ ಆಪ್‌ಗಳನ್ನೆಲ್ಲ ಸಾಲಾಗಿ ತೋರಿಸುವ ಜಾಗಕ್ಕೆ ಹೋಗಿ ಬ್ರೌಸರನ್ನು ಬೆರಳಿನಿಂದ ತಳ್ಳಿ ಹಾಕಿರಿ. ಮತ್ತೆ ತೆರೆದಾಗ ಅದೇ ಪುಟ ಬಂದರೆ, ವಿಮಾನದ ಗುರುತನ್ನು ಒತ್ತಿ ಇಂಟರ್ನೆಟ್ಟನ್ನು ನಿಲ್ಲಿಸಿ, ಬ್ರೌಸರಿನಲ್ಲಿ ಆ ಟ್ಯಾಬನ್ನು ಮುಚ್ಚಿರಿ. ಸೆಟ್ಟಿಂಗ್ಸಿಗೆ ಹೋಗಿ ಬ್ರೌಸರಿನ ಹಳೆಯ ಚರಿತ್ರೆಯನ್ನು ಅಳಿಸಿರಿ. ಯಾವುದೂ ಆಗದಿದ್ದರೆ ಫೋನನ್ನೇ ಆರಿಸಿ ಹಚ್ಚಿರಿ. ಮಗ್ಗ ಸಿಕ್ಕಿಕೊಂಡರೆ ಸ್ವಿಚ್ಚು ಆರಿಸುವುದಿಲ್ಲವೇ? ಅಷ್ಟೇ.

ಮೂರನೆಯದು, ಅಂಗಡಿಯ ಕಂಪ್ಯೂಟರಿನಲ್ಲಾದರೆ ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಪರದೆ ಚಿಕ್ಕದಾಗಿ ಮುಚ್ಚುವ ಗುರುತು ಕಾಣುತ್ತದೆ. ಕಾಣದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಈ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರನ್ನು ಆರಿಸಿ, ಅಲ್ಲಿ ಬ್ರೌಸರಿನ ಹೆಸರು ಹಿಡಿದು ಎಂಡ್ ಟಾಸ್ಕ್ ಎಂದು ಒತ್ತಿರಿ. ಮುಂದೆ ಬ್ರೌಸರು ತೆರೆದಾಗ, ಹಿಂದಿನ ಪುಟಗಳನ್ನು ಮತ್ತೆ ತೆರೆಯಲೇ ಎಂದು ಕೇಳೀತು; ಬೇಡವೆನ್ನಿರಿ.

ನಾಲ್ಕನೆಯದು, ಸೂಚನೆಗಳನ್ನು ಕಳುಹಿಸಲು ಅನುಮತಿ ಕೊಡಿ ಎಂದು ಕೇಳಿದಾಗ ಹೂಂ ಎಂದು ಬಿಟ್ಟಿದ್ದರೆ, ಪುಟ ಮುಚ್ಚಿದ ಮೇಲೂ ಸುಳ್ಳು ಎಚ್ಚರಿಕೆಗಳು ಬರುತ್ತಲೇ ಇರುತ್ತವೆ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಶನ್ ಎಂಬಲ್ಲಿಗೆ ಹೋಗಿ ಆ ಅನುಮತಿಯನ್ನು ಕಿತ್ತುಹಾಕಿರಿ.

ನೀವು ಹಣ ಕೊಡದೆ, ಏನನ್ನೂ ಇಳಿಸಿಕೊಳ್ಳದೆ, ಪಿನ್ ಒಟಿಪಿಗಳನ್ನು ಹೇಳದೆ ಇದ್ದರೆ ಅಲ್ಲಿಗೆ ಮುಗಿಯಿತು. ಹೇಳಿಬಿಟ್ಟಿದ್ದರೆ ಮಾತ್ರ ಒಂದು ಗಳಿಗೆಯನ್ನೂ ಕಳೆಯಬೇಡಿರಿ. ಇಂಟರ್ನೆಟ್ಟನ್ನು ನಿಲ್ಲಿಸಿ, ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿರಿ. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ಅದನ್ನು ತಡೆಹಿಡಿಸಲು ಇರುವ ನಂಬರು ಅದು. ಬೇಗ ಹೇಳಿದಷ್ಟೂ ಉಳಿಯುವ ಸಂಭವ ಹೆಚ್ಚು. ಪೊಲೀಸರು ಬ್ರೌಸರಿನ ಪುಟದ ಮೂಲಕ ದಂಡ ವಸೂಲು ಮಾಡುವುದಿಲ್ಲ. ಫೋನಿನಲ್ಲೇ ದಸ್ತಗಿರಿ ಮಾಡುವ ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಗಳೇ ರೇಡಿಯೋದಲ್ಲಿ ಹೇಳಬೇಕಾಯಿತು. ಕಂಪ್ಯೂಟರ್ ಕೆಟ್ಟಿದೆ ಎಂಬ ತನ್ನ ನಿಜವಾದ ಸೂಚನೆಗಳಲ್ಲಿ ಫೋನ್ ನಂಬರು ಇರುವುದೇ ಇಲ್ಲವೆಂದು ಮೈಕ್ರೋಸಾಫ್ಟ್ ಕಂಪನಿಯೂ ಹೇಳುತ್ತದೆ.

ಇಷ್ಟು ನಮ್ಮ ಕೈಯಲ್ಲಿರುವ ಕೆಲಸ. ಆದರೆ ಹೊಣೆಯನ್ನೆಲ್ಲ ದಣಿದ ಮನುಷ್ಯನ ಬೆರಳಿನ ಮೇಲೆ ಹೊರಿಸಿ ಮಿಕ್ಕವರು ಕೈ ತೊಳೆದುಕೊಳ್ಳುವುದನ್ನು ನಾವು ಒಪ್ಪಲಾರೆವು.

ಬಾಗಿಲು ಸಡಿಲವಾಗಿದೆಯೆಂಬುದು ಬ್ರೌಸರು ಮಾಡುವ ಕಂಪನಿಗಳಿಗೆ 2013ರಲ್ಲೇ ಗೊತ್ತಿತ್ತು. ಐಫೋನಿನಲ್ಲಿ ಒಂದು ಪುಟದ ಚೌಕವು ಇಡೀ ಬ್ರೌಸರನ್ನು ಹಿಡಿದು ನಿಲ್ಲಿಸುವುದು ತಪ್ಪಿದ್ದು 2017ರ ಮಾರ್ಚಿನಲ್ಲಿ. ಹಿಂದಕ್ಕೆ ಹೋಗುವ ಗುಂಡಿಯನ್ನು ಕೆಡಿಸುವ ತಂತ್ರಕ್ಕೆ ಕ್ರೋಮ್ ಬ್ರೌಸರು ತಡೆ ಹಾಕತೊಡಗಿದ್ದು 2019ರಲ್ಲಿ. ಅದೂ ಪೂರ್ತಿ ಫಲಿಸಲಿಲ್ಲ. ಇಂಥ ಬೆದರಿಕೆಯ ಪುಟವನ್ನು ಬ್ರೌಸರೇ ಗುರುತಿಸಿ ಎಚ್ಚರಿಸುವ ಏರ್ಪಾಡು ಕಂಪ್ಯೂಟರಿನ ಕ್ರೋಮ್, ಎಡ್ಜ್‌ಗಳಿಗೆ ಬಂದದ್ದು 2025ರಲ್ಲಿ. ಹನ್ನೆರಡು ವರ್ಷ! ಜಾಹೀರಾತು ಮಾರುವ ಯಂತ್ರದಲ್ಲಿ ಒಂದು ಗಂಟೆ ದೋಷ ಕಂಡಿದ್ದರೆ ಇಷ್ಟು ವರ್ಷ ಕಾಯುತ್ತಿದ್ದರೇ?

ಜಾಹೀರಾತಿನ ಮಾತು ಬಂದುದರಿಂದ ಹೇಳುತ್ತೇವೆ. ನಮ್ಮ ಗೆಳೆಯರಿಗೆ ಸಿಕ್ಕ ಪುಟ ಆಕಾಶದಿಂದ ಉದುರಿದ್ದಲ್ಲ. ಹಣ ಕೊಟ್ಟು ಮೇಲುಗಡೆ ಹಾಕಿಸಿದ ಜಾಹೀರಾತಿನಿಂದ ಬಂದದ್ದು. ಇಂಟರ್ನೆಟ್ಟಿನ ಜಾಹೀರಾತಿನ ಜಾಗ ಕ್ಷಣಕ್ಷಣಕ್ಕೂ ಹರಾಜಾಗುತ್ತದೆ, ಹೆಚ್ಚು ಕೂಗಿದವನಿಗೆ ಸಿಗುತ್ತದೆ. ಸಂತೆಯಲ್ಲಿ ಕಳ್ಳಮಾಲಿಗೆ ಜಾಗ ಕೊಟ್ಟು ಬಾಡಿಗೆ ವಸೂಲು ಮಾಡಿದವನನ್ನು ನಾವು ಸಾಹುಕಾರ ಎನ್ನುವುದಿಲ್ಲ, ಪಾಲುದಾರ ಎನ್ನುತ್ತೇವೆ. ನಮ್ಮ ಊರಿನ ಕಿರಾಣಿ ವ್ಯಾಪಾರಿಯ ತಕ್ಕಡಿಯಲ್ಲಿ ತೂಕ ಕಡಿಮೆ ಬಂದರೆ ಇನ್ಸ್‌ಪೆಕ್ಟರು ಅದೇ ದಿನ ದಂಡ ಹಾಕುತ್ತಾನೆ. ಈ ದೊಡ್ಡ ಸಂತೆಯ ಯಜಮಾನರಿಗೆ ತಕ್ಕಡಿ ಯಾವುದು? ಇನ್ಸ್‌ಪೆಕ್ಟರು ಯಾರು?

ಕಾನೂನಿನ ಕೈ ಎತ್ತ ಬೀಳುತ್ತದೆಂಬುದಕ್ಕೆ ಜಪಾನಿನ ಒಂದು ನಿದರ್ಶನವನ್ನು ನೋಡಿರಿ. 2019ರ ಮಾರ್ಚಿನಲ್ಲಿ ಅಲ್ಲಿಯ ಹ್ಯೋಗೋ ಪ್ರಾಂತದ ಪೊಲೀಸರು 13 ವರ್ಷದ ಒಬ್ಬ ಶಾಲಾ ಬಾಲಕಿಯ ಮೇಲೆ ಕ್ರಮ ಕೈಗೊಂಡರು. ಮುಚ್ಚಿದಷ್ಟೂ ಚೌಕವೊಂದು ಮತ್ತೆ ಮತ್ತೆ ಏಳುವ ಒಂದು ತಮಾಷೆಯ ಪುಟದ ವಿಳಾಸವನ್ನು ಆಕೆ ಇತರರಿಗೆ ತಿಳಿಸಿದ್ದಳು. ಅದು ಹಣ ಕೇಳಲಿಲ್ಲ, ಗುಟ್ಟು ಕದಿಯಲಿಲ್ಲ. ಟ್ಯಾಬು ಮುಚ್ಚಿದರೆ ಹೋಗುತ್ತಿತ್ತು. ಅದೇ ಪುಟದ ವಿಷಯದಲ್ಲಿ ಕೇಸಿಗೆ ಗುರಿಯಾದ ಇಬ್ಬರು ಗಂಡಸರ ಮೇಲಿನ ಮೊಕದ್ದಮೆಯನ್ನು ಸರ್ಕಾರಿ ವಕೀಲರು ಮೇ ತಿಂಗಳಲ್ಲಿ ಕೈಬಿಟ್ಟರು. ತಂತ್ರ ಒಂದೇ ಆದರೂ ತಮಾಷೆ ಬೇರೆ, ಸುಲಿಗೆ ಬೇರೆ ಎಂಬ ವಿವೇಕ ಆ ಪೊಲೀಸರಿಗೆ ಇರಲಿಲ್ಲ. ಕೈಗೆ ಸುಲಭವಾಗಿ ಸಿಕ್ಕಿದ್ದು ಮಗು. ಆದುದರಿಂದ ಮಗುವನ್ನೇ ಹಿಡಿದರು.

ನಮ್ಮ ದೇಶದಲ್ಲಿ ಏನೂ ನಡೆದಿಲ್ಲವೆಂದು ನಾವು ಹೇಳುವುದಿಲ್ಲ. 2023ರ ಅಕ್ಟೋಬರಿನಲ್ಲಿ ಸಿಬಿಐ "ಆಪರೇಷನ್ ಚಕ್ರ"ದ ಎರಡನೆಯ ಸುತ್ತಿನಲ್ಲಿ 76 ಕಡೆ ಶೋಧ ನಡೆಸಿತು. ಕಂಪ್ಯೂಟರ್ ರಿಪೇರಿಯವರೆಂದು ನಟಿಸಿ ಕಾಲ್ ಸೆಂಟರುಗಳಿಂದ ವಿದೇಶೀಯರನ್ನು ಸುಲಿಯುತ್ತಿದ್ದವರ ವಿರುದ್ಧ ಅಮೆಜಾನ್, ಮೈಕ್ರೋಸಾಫ್ಟ್ ಕಂಪನಿಗಳು ಕೊಟ್ಟ ದೂರುಗಳೂ ಅದರಲ್ಲಿದ್ದವು. ಒಳ್ಳೆಯದೇ ಆಯಿತು. ದೊಡ್ಡವರ ದೂರಿಗೆ ಇಷ್ಟು ಕಡೆ ಬಾಗಿಲು ತಟ್ಟುವ ಶಕ್ತಿ ಸರ್ಕಾರಕ್ಕಿದೆಯೆಂದು ಇದರಿಂದ ಸಿದ್ಧವಾಯಿತು. ನಾಲ್ಕು ಸಾವಿರ ಕಳೆದುಕೊಂಡ ಬೀದಿ ವ್ಯಾಪಾರಿಯ ದೂರಿಗೂ ಅದರ ಒಂದು ಪಾಲು ಶಕ್ತಿ ಬರಲಿ ಎಂಬುದೇ ನಮ್ಮ ಮಾತು. ಅಂಥ ಕಾಲ್ ಸೆಂಟರುಗಳಲ್ಲಿ ಕುಳಿತು ಬರೆದುಕೊಟ್ಟ ಸುಳ್ಳನ್ನು ಓದುವವರು ಹೆಚ್ಚಾಗಿ ಸಂಬಳಕ್ಕೆ ಸೇರಿದ ಯುವಕರೆಂಬುದನ್ನೂ ಮರೆಯಬಾರದು. ಅವರ ತಪ್ಪು ತಪ್ಪೇ. ಆದರೆ ಅವರೊಡನೆ ಯಜಮಾನನೂ ಕಟಕಟೆಗೆ ಬರಬೇಕು.

ನಮ್ಮ ಬೇಡಿಕೆಗಳು ಮೂರೇ. ಸುಲಿಗೆಯ ಪುಟಕ್ಕೆ ದಾರಿ ತೋರಿದ ಜಾಹೀರಾತಿನಿಂದ ಹಣ ಪಡೆದವರು, ಆ ಜಾಹೀರಾತಿನಿಂದ ಮೋಸಹೋದವರ ನಷ್ಟವನ್ನು ತುಂಬಿಕೊಡಬೇಕು. ತಾಲ್ಲೂಕಿನ ಪ್ರತಿ ಠಾಣೆಯಲ್ಲೂ ಇಂಥ ದೂರನ್ನು ನಗದೆ, ಗದರದೆ, ಕನ್ನಡದಲ್ಲಿ ಬರೆದುಕೊಳ್ಳುವ ಒಬ್ಬರು ಇರಬೇಕು. ಗಿರಣಿಯ ಗೇಟಿನಲ್ಲೂ ಮಾರುಕಟ್ಟೆಯಲ್ಲೂ, ಪುಟದಿಂದ ಹೊರಬರುವ ದಾರಿಯನ್ನು ದೊಡ್ಡಕ್ಷರದಲ್ಲಿ ಬರೆದ ಹಲಗೆಗಳು ಬೇಕು.

ಹಲಗೆ ಬರುವ ತನಕ ಕಾಯಬೇಕಾಗಿಲ್ಲ. ಪುಟ ಮುಚ್ಚಲು ಗೊತ್ತಿರುವವರು ಗೊತ್ತಿಲ್ಲದ ಇಬ್ಬರಿಗೆ ತೋರಿಸಿಕೊಡಿರಿ. ಮನೆಯ ಮಕ್ಕಳಿಗೆ ಇದು ಬೇಗ ಬರುತ್ತದೆ. ಅವರನ್ನು ಕೇಳುವುದು ಅವಮಾನವಲ್ಲ. ಅಪ್ಪನೋ ಅಜ್ಜಿಯೋ ಹೆದರಿ ಫೋನು ತಂದಾಗ ನಗಬೇಡಿ ಎಂದು ಆ ಮಕ್ಕಳಿಗೂ ಹೇಳುತ್ತೇವೆ; ಇಂದು ನಕ್ಕರೆ ಮುಂದಿನ ಸಲ ಅವರು ನಿಮ್ಮ ಹತ್ತಿರ ಬರುವುದಿಲ್ಲ, ಗಿರವಿ ಅಂಗಡಿಗೇ ಹೋಗುತ್ತಾರೆ.

ಸಂಜೆ ಆರರಿಂದ ಎಂಟರ ತನಕ ನಮ್ಮ ಕಚೇರಿಯ ಬಾಗಿಲು ತೆರೆದಿರುತ್ತದೆ. ಯಾರೇ ಬರಲಿ, ಪುಟದಲ್ಲಿ ಏನೇ ಬರೆದಿರಲಿ, ಏಕೆ ನೋಡಿದಿರಿ ಎಂದು ನಾವು ಕೇಳುವುದಿಲ್ಲ. ಮುಚ್ಚಿಕೊಡುತ್ತೇವೆ, ಮುಚ್ಚುವುದನ್ನು ಕಲಿಸಿಯೂ ಕೊಡುತ್ತೇವೆ. ನಾಚಬೇಕಾದವನು ಸುಲಿಯುವವನು, ಹೆದರಿದವರಲ್ಲ.