ಸಸಾರಜನಕವೆಂಬ ಅಂಕಿ

ಜತ್ತ ತಾಲೂಕಿನ ಪೂರ್ವಭಾಗದ ಕಪ್ಪು ನೆಲದಲ್ಲಿ ಹಿಂಗಾರಿನ ಬಿಳಿಜೋಳದ ಜೊತೆಗೆ ಕುಸುಬೆಯನ್ನೂ ಬಿತ್ತುವುದು ಹಿರಿಯರಿಂದ ಬಂದ ಪದ್ಧತಿ. ಹೊಲದ ಅಂಚಿಗೆ ಹಾಕಿದ ಮುಳ್ಳಿನ ಸಾಲು ದನಗಳನ್ನು ದೂರವಿಡುತ್ತಿತ್ತು, ಬೀಜವು ಗಾಣಕ್ಕೆ ಹೋಗುತ್ತಿತ್ತು, ಉಳಿದ ಹಿಂಡಿ ಎಮ್ಮೆಗೆ ಸಲ್ಲುತ್ತಿತ್ತು. ಈಗ ಕುಸುಬೆಯ ಕ್ಷೇತ್ರ ಕುಗ್ಗಿದೆ. ಅದೇ ಸೀಮೆಯಲ್ಲಿ ಬ್ರಾಯ್ಲರ್ ಕೋಳಿಯ ಶೆಡ್ ಹಾಕಿದ ರೈತನು ಹೊರಗಿನಿಂದ ಬಂದ ಸೋಯಾ ಹಿಂಡಿಯನ್ನು ನೆಚ್ಚಿದ್ದಾನೆ.

ಸೋಯಾ ಮುಂಗಾರಿನ ಬೆಳೆ. ಮಳೆ ಕಡಮೆಯಾದ ಜತ್ತಿಗಿಂತ ಮರಾಠವಾಡಾ, ಮಧ್ಯಪ್ರದೇಶಗಳಿಗೆ ಅದು ಹೆಚ್ಚು ಒಗ್ಗಿದೆ. ಬ್ರಾಯ್ಲರ್ ಸಾಕಣೆಯ ಖರ್ಚಿನಲ್ಲಿ ಹೆಚ್ಚುಕಡಮೆ ಮೂರರಲ್ಲಿ ಎರಡು ಪಾಲು ಆಹಾರದ್ದೇ ಆಗಿರುವುದರಿಂದ ಅಲ್ಲಿಯ ಬೆಲೆಯೇರಿಕೆಯು ಇಲ್ಲಿಯ ಶೆಡ್ಡಿಗೆ ನೇರವಾಗಿ ತಟ್ಟುತ್ತದೆ. 2021ರಲ್ಲಿ ಸೋಯಾ ಬೆಲೆ ಗಗನಕ್ಕೇರಿದಾಗ ಕೇಂದ್ರ ಸರಕಾರವು ಕುಲಾಂತರಿ ಸೋಯಾದಿಂದ ತಯಾರಾದ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿ ಕೊಡಬೇಕಾಯಿತು.

ಹಾಗಾದರೆ ಮನೆಯ ಕುಸುಬೆ ಹಿಂಡಿಯನ್ನೇ ಕೋಳಿಗೆ ಏಕೆ ಹಾಕಬಾರದು? ಹಾಕಬಹುದು, ಆದರೆ ಮಿತಿಯುಂಟು. ಸಿಪ್ಪೆ ಸಹಿತ ಅರೆದ ಕುಸುಬೆಯಲ್ಲಿ ನಾರು ವಿಪರೀತ. ಆಕಳು ಅರಗಿಸಿಕೊಳ್ಳುವ ಆ ನಾರು ಕೋಳಿಯ ಹೊಟ್ಟೆಗೆ ಬರಿಯ ಭಾರ. ಸಿಪ್ಪೆ ತೆಗೆದು ಅರೆದರೆ ಸಸಾರಜನಕವು ಸೋಯಾದ ಸಮೀಪಕ್ಕೆ ಬರುತ್ತದೆ. ಆಗಲೂ ಲೈಸಿನ್ ಎಂಬ ಅಮೈನೋ ಆಮ್ಲದ ಕೊರತೆ ಉಳಿಯುತ್ತದೆ, ಅದನ್ನು ಪ್ರತ್ಯೇಕವಾಗಿ ಬೆರೆಸಬೇಕು. ಸೋಯಾದಲ್ಲಿ ಲೈಸಿನ್ ಸಾಕಷ್ಟಿದ್ದು ಮೆಥಿಯೋನಿನ್ ಕಡಮೆ. ಶೇಂಗಾ ಹಿಂಡಿಗೆ ಬೂಷ್ಟಿನ ಅಫ್ಲಾಟಾಕ್ಸಿನ್ ಭಯ, ಹತ್ತಿಕಾಳಿನ ಹಿಂಡಿಗೆ ಗಾಸಿಪಾಲ್ ಎಂಬ ವಿಷದ ಭಯ. ಎಳೆಯ ಮರಿಗಳಿಗಿಂತ ಬೆಳೆದ ಕೋಳಿಗಳ ಆಹಾರದಲ್ಲಿ ಇಂಥ ಹಿಂಡಿಗಳನ್ನು ಸೋಯಾದ ಒಂದು ಪಾಲಿಗೆ ಬದಲಾಗಿ ಬಳಸುವುದು ಸಾಧ್ಯ. ಪೂರ್ತಿ ಬದಲಿ ಎನ್ನುವವನ ಮಾತನ್ನು ನಂಬಲಾಗದು.

ಇಲ್ಲಿ ಶಾಲೆಯ ಪುಸ್ತಕದ ಒಂದು ಪದವು ನೆರವಿಗೆ ಬರುತ್ತದೆ. ಪ್ರೋಟೀನಿಗೆ ಕನ್ನಡದಲ್ಲಿ ಸಸಾರಜನಕವೆಂದು ಹೆಸರು, ಎಂದರೆ ಸಾರಜನಕವನ್ನು ಒಳಗೊಂಡದ್ದು. ಪ್ರಯೋಗಶಾಲೆಯು ಅಳೆಯುವುದೂ ಸಾಮಾನ್ಯವಾಗಿ ಸಾರಜನಕವನ್ನೇ. ದೊರೆತ ಅಂಕಿಯನ್ನು 6.25ರಿಂದ ಗುಣಿಸಿ ಅದನ್ನು ಕಚ್ಚಾ ಪ್ರೋಟೀನ್ ಎಂದು ಚೀಲದ ಮೇಲೆ ಅಚ್ಚುಹಾಕುತ್ತಾರೆ. ಮೋಸಕ್ಕೆ ದಾರಿಯೂ ಇದೇ. ಯೂರಿಯಾದಲ್ಲಿ ಶೇಕಡಾ 46 ಸಾರಜನಕವಿದೆ. ನೂರು ಕಿಲೋ ಆಹಾರದಲ್ಲಿ ಒಂದು ಕಿಲೋ ಯೂರಿಯಾ ಸೇರಿದರೆ ಲೆಕ್ಕದಲ್ಲಿ ಹೆಚ್ಚುಕಡಮೆ 2.9 ಕಿಲೋ ಪ್ರೋಟೀನ್ ಹೆಚ್ಚಿದಂತೆ ತೋರುತ್ತದೆ! ಆಕಳ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾವನ್ನು ಪ್ರೋಟೀನಾಗಿ ಮಾರ್ಪಡಿಸಬಲ್ಲವು, ಕೋಳಿಗೆ ಆ ಭಾಗ್ಯವಿಲ್ಲ. 2007ರಲ್ಲಿ ಅಮೆರಿಕದಲ್ಲಿ ಮೆಲಮಿನ್ ಬೆರೆತ ಪಶು ಆಹಾರದ ಹಗರಣವು ಬಯಲಾದುದು ಇದೇ ಬಗೆಯ ಕಪಟದಿಂದ. ಆದುದರಿಂದ ಚೀಲ ಕೊಳ್ಳುವವನು ಪ್ರೋಟೀನಿನ ಶೇಕಡಾವಾರು ಒಂದನ್ನೇ ಓದದೆ ಲೈಸಿನ್, ಮೆಥಿಯೋನಿನ್‌ಗಳ ಪ್ರಮಾಣವನ್ನೂ ಕೇಳಬೇಕು.

ಪೂರಕಗಳ ವಿಷಯದಲ್ಲಿಯೂ ಹೆಸರು ತಿಳಿದಿರುವುದು ಲೇಸು. ಕಾಳಿನಲ್ಲಿ ಬಂಧಿತವಾದ ರಂಜಕವನ್ನು ಬಿಡಿಸುವ ಫೈಟೇಸ್ ಕಿಣ್ವವು ಉಪಯುಕ್ತ. ಬೂಷ್ಟಿನ ವಿಷವನ್ನು ಹೀರುವ ಜೇಡಿಮಣ್ಣಿನ ಪುಡಿಯೂ ತಕ್ಕಮಟ್ಟಿಗೆ ಸಹಾಯಕ. ಕೊಲಿಸ್ಟಿನ್ ಎಂಬ ಪ್ರತಿಜೀವಕದ ಮಾತು ಬೇರೆ. ಬೇರಾವ ಔಷಧವೂ ನಾಟದ ಸೋಂಕಿನಲ್ಲಿ ಮನುಷ್ಯರಿಗೆ ಕೊನೆಯ ಆಸರೆಯಾದ ಅದನ್ನು ಕೋಳಿ ಮತ್ತು ಇತರ ಆಹಾರಪ್ರಾಣಿಗಳಿಗಾಗಿ ತಯಾರಿಸುವುದನ್ನೂ ಮಾರುವುದನ್ನೂ ಕೇಂದ್ರ ಆರೋಗ್ಯ ಸಚಿವಾಲಯವು 2019ರ ಜುಲೈಯಲ್ಲಿ ನಿಷೇಧಿಸಿತು. ಬೆಳವಣಿಗೆ ಹೆಚ್ಚಿಸುವ ಪುಡಿಯೆಂದು ಹೆಸರಿಲ್ಲದ ಪೊಟ್ಟಣವನ್ನು ಮಾರಲು ಬಂದವನಿಗೆ ಒಳಗಿನ ವಸ್ತುವಿನ ಹೆಸರು ಹೇಳೆಂದು ಕೇಳುವುದರಲ್ಲಿ ಸಂಕೋಚ ಬೇಡ.

ಆಹಾರ ಕಳಪೆಯಾಗಿ ಕೋಳಿಗಳು ಬೆಳೆಯದಿದ್ದರೆ, ವ್ಯಾಪಾರಕ್ಕೆ ಕೊಂಡವನಿಗೆ ಗ್ರಾಹಕ ನ್ಯಾಯಾಲಯ ದೊರೆಯದೆಂಬ ತಿಳಿವಳಿಕೆ ಬಹಳ ಕಡೆ ಇದೆ. ಅದು ಅರ್ಧಸತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 2(7)ನೆಯ ಕಲಮಿನ ವಿವರಣೆಯಂತೆ, ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡ ಸರಕು ವಾಣಿಜ್ಯ ಉದ್ದೇಶದ್ದೆನಿಸುವುದಿಲ್ಲ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದಾದ್ದರಿಂದ, ಕಾರಖಾನೆ ಎಲ್ಲಿಯೇ ಇರಲಿ, ಜತ್ತಿನ ರೈತನಿಗೆ ಸಾಂಗಲಿಯೇ ಸಾಕು. ಅಲ್ಲಿ ಮಾದರಿಯನ್ನು ಪ್ರಯೋಗಶಾಲೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಆದರೆ ರಸೀದಿ, ಬ್ಯಾಚ್ ಸಂಖ್ಯೆಯ ಚೀಟಿ, ಒಂದಿಷ್ಟು ಒಣಗಿದ ಮಾದರಿ ಇರಬೇಕು. ಚೀಲವನ್ನು ಮಾಳಿಗೆಗೆ ಹೊದಿಸಿ ಚೀಟಿಯನ್ನು ಒಲೆಗೆ ಹಾಕಿದ ಮೇಲೆ ವಾದಿಸಲು ಏನು ಉಳಿದೀತು?

ಒಪ್ಪಂದದ ಮೇಲೆ ಕೋಳಿ ಸಾಕುವವನ ಸ್ಥಿತಿ ಭಿನ್ನ. ಅಲ್ಲಿ ಮರಿಯೂ ಆಹಾರವೂ ಕಂಪನಿಯವು. ಶೆಡ್ಡು, ನೀರು, ದುಡಿಮೆ ರೈತನವು. ಅವನು ಆಹಾರವನ್ನು ಕೊಳ್ಳುವುದೇ ಇಲ್ಲ, ಆರಿಸುವುದೂ ಇಲ್ಲ. ಆದರೂ ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋ ಆಹಾರ ಖರ್ಚಾಯಿತು ಎಂಬ ಲೆಕ್ಕದ ಮೇಲೆ ಅವನ ಕೂಲಿ ಏರಿಳಿಯುತ್ತದೆ. ಆಹಾರವೇ ಕಳಪೆಯಾಗಿದ್ದರೆ ಆ ಲೆಕ್ಕವನ್ನು ಯಾರ ಪಾಲಿಗೆ ಬರೆಯಬೇಕೆಂಬುದು ಒಪ್ಪಂದಪತ್ರದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಸಹಿ ಹಾಕುವ ಮೊದಲೇ ನೋಡಬೇಕಾಗುತ್ತದೆ. ಪತ್ರವು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದರೆ, ಮನೆಯಲ್ಲಿ ಆ ಭಾಷೆ ಬಲ್ಲ ಮಗಳಿಂದ ಸಾಲುಸಾಲಾಗಿ ಓದಿಸಿ ಕನ್ನಡದಲ್ಲಿ ಹೇಳಿಸಿಕೊಳ್ಳುವುದಕ್ಕೆ ಯಾವ ಕಂಪನಿಯೂ ಅಡ್ಡಿಮಾಡಲಾರದು.