ಎಲೆಕೋಸಿನ ಮೇಲೊಂದು ಜಗಳ

ಮಧ್ಯಾಹ್ನ ತರಗತಿಯಲ್ಲಿ ಮಕ್ಕಳು ಡಬ್ಬಿ ತೆರೆಯುವಾಗ ನಾನು ಒಂದು ಸುತ್ತು ಹಾಕುತ್ತೇನೆ. ಎರಡು ಬ್ರೆಡ್ಡಿನ ನಡುವೆ ಬೆಳ್ಳಗೆ ಕಲಸಿದ ಕೋಸು, ಕ್ಯಾರೆಟ್ಟು. "ಕೋಲ್‌ಸ್ಲಾ ಮಿಸ್, ಹೆಲ್ದಿ ಅಂತ ಅಮ್ಮ ಹೇಳಿದಾರೆ" ಎನ್ನುತ್ತವೆ. ಆ ಅಮ್ಮಂದಿರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಬಾಟಲಿಯ ಮೇಲೆ.

ನಿಜವಾದ ಮೇಯೊನೇಸಿನಲ್ಲಿ ಸುಮಾರು ಮುಕ್ಕಾಲು ಪಾಲು ಎಣ್ಣೆ. ಒಂದು ದೊಡ್ಡ ಚಮಚಕ್ಕೆ ತೊಂಬತ್ತರ ಆಸುಪಾಸು ಕ್ಯಾಲೊರಿ. ನಾಲ್ಕು ಚಮಚ ಸುರಿದು "ತರಕಾರಿ ತಿಂದ" ಎಂದರೆ ಯಾರನ್ನು ನಂಬಿಸಿದ ಹಾಗಾಯಿತು? "ನಮ್ಮದು ಮೊಟ್ಟೆಯಿಲ್ಲದ್ದು, ಹಸಿರು ಚುಕ್ಕೆ ಇದೆ" ಎನ್ನುವವರಿದ್ದಾರೆ. ಹಸಿರು ಚುಕ್ಕೆ ಹೇಳುವುದು ಸಸ್ಯಾಹಾರ ಎಂದಷ್ಟೇ, ಆರೋಗ್ಯ ಎಂದಲ್ಲ. ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆಯಬೇಕೆಂದು ನಿಯಮವಿದೆ. ಕನ್ನಡಕ ಹಾಕಿಕೊಂಡು ಬಾಟಲಿಯ ಬೆನ್ನು ಓದಿ; ನೀರು, ಎಣ್ಣೆ, ಸಕ್ಕರೆ ಎಷ್ಟು ಮುಂದಿವೆ ನೋಡಿ. ಮನೆಯಲ್ಲೇ ಹಸಿಮೊಟ್ಟೆ ಒಡೆದು ಮಾಡೋಣವೆಂದರೆ ಅದರ ಅಪಾಯ ಬೇರೆ. 2024ರ ಅಕ್ಟೋಬರಿನಲ್ಲಿ ತೆಲಂಗಾಣ ಸರ್ಕಾರ ಹಸಿಮೊಟ್ಟೆಯ ಮೇಯೊನೇಸನ್ನು ಒಂದು ವರ್ಷ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಪಂಗಡವಿದೆ. ನಾನೂ ಅದರಲ್ಲೇ ಇದ್ದೆ. "ನಮಗೆ ಕೋಸಂಬರಿ ಇಲ್ಲವೇ, ಈ ಪರದೇಶದ್ದು ಯಾಕೆ?" ಎಂದು ಸೊಸೆಗೆ ಚುಚ್ಚಿ ಮಾತಾಡಿದೆ. ಅವಳು "ಸರಿ ಅತ್ತೆ" ಎಂದು ಮಾಡುವುದನ್ನೇ ಬಿಟ್ಟಳು. ನಾನು ಹುರುಪಿನಿಂದ ಹೆಸರುಬೇಳೆ ನೆನೆಹಾಕಿ ಕೋಸಂಬರಿ ಕಟ್ಟಿಕೊಟ್ಟೆ. ಎಂಟು ದಿನ ಮೊಮ್ಮಗನ ಡಬ್ಬಿ ಹಾಗೇ ತಿರುಗಿ ಬಂತು. ಹಸಿ ತರಕಾರಿ ತಿನ್ನುತ್ತಿದ್ದ ಹುಡುಗ ಅದನ್ನೂ ಬಿಟ್ಟ. ನನ್ನ ಕೋಸಂಬರಿಯೇನು ಸಾಧುವೇ? ಅರ್ಧ ಹೋಳು ಕಾಯಿ, ಒಗ್ಗರಣೆಗೆ ಎರಡು ಚಮಚ ಎಣ್ಣೆ! ಪರದೇಶದ್ದು ಬೇಡವೆಂದರೆ ಕೋಸನ್ನೂ ಹಸಿಮೆಣಸಿನಕಾಯಿಯನ್ನೂ ವಾಪಸು ಕಳಿಸಬೇಕಾಗುತ್ತದೆ.

ಡಚ್ಚರ ಮಾತಿನಲ್ಲಿ 'ಕೋಲ್' ಎಂದರೆ ಕೋಸು, 'ಸ್ಲಾ' ಎಂದರೆ ಸಲಾಡ್. ಅಷ್ಟೇ. ಹೆಸರಿನಲ್ಲಿ ಮೇಯೊನೇಸ್ ಎಲ್ಲಿದೆ? ಅಮೆರಿಕದಲ್ಲಿ ಬರೀ ವಿನೆಗರಿನಲ್ಲಿ ಕಲಸುವವರು ಈಗಲೂ ಇದ್ದಾರೆ. ಮಲೆನಾಡಿನ ಕಡೆ ಮೊಸರಿಗೆ ಹಸಿ ಸಾಸಿವೆ ಅರೆದು ಹಾಕಿ 'ಸಾಸಿವೆ' ಮಾಡುತ್ತಾರಲ್ಲ, ಅದರ ಕಾಯಿ ತೆಗೆದರೆ ಕೋಲ್‌ಸ್ಲಾಗೆ ಬೇಕಾದ ಘಾಟು ಅಲ್ಲೇ ಇದೆ.

ಸೊಸೆಯ ಹತ್ತಿರ ಹೋಗಿ, ಇಬ್ಬರೂ ಸೇರಿ ಮಾಡೋಣ ಎಂದೆ. ಎರಡು ಲೋಟ ಮೊಸರನ್ನು ತೆಳು ಪಂಚೆಯ ತುಂಡಿನಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿದೆವು. ಬೇಸಿಗೆಯಾದರೆ ಫ್ರಿಜ್ಜಿನಲ್ಲಿ ಜಾಲರಿಯ ಮೇಲಿಡಿ. ಕೋಸಿನ ಮೇಲಿನ ಎಲೆ ಕಿತ್ತು, ಉಳಿದದ್ದನ್ನು ಬಿಡಿಸಿ ಉಪ್ಪುನೀರಿನಲ್ಲಿ ನೆನೆಸಿ ಚೆನ್ನಾಗಿ ತೊಳೆಯಬೇಕು, ಇದರಲ್ಲಿ ಸೋಮಾರಿತನ ಕೂಡದು. ಎಳೆ ಎಳೆಯಾಗಿ ಹೆಚ್ಚಿ ಉಪ್ಪು ಬೆರೆಸಿ ಅರ್ಧ ಗಂಟೆ ಇಟ್ಟರೆ ನೀರು ಬಿಡುತ್ತದೆ. ತೊಳೆದು ಬಿಗಿಯಾಗಿ ಹಿಂಡಿ. ಇದೊಂದು ತಪ್ಪಿದರೆ ಮೊಸರೆಲ್ಲ ನೀರು, ಆಮೇಲೆ ನನ್ನನ್ನು ಬೈಯಬೇಡಿ. ಕ್ಯಾರೆಟ್ ತುರಿ, ಅರೆದ ಸಾಸಿವೆ ಕಾಲು ಚಮಚ, ಮೆಣಸಿನ ಪುಡಿ, ನಿಂಬೆರಸ, ಚಿಟಿಕೆ ಬೆಲ್ಲ. ಬೇಯಿಸುವುದಿಲ್ಲವಾದ್ದರಿಂದ ಕೋಸಿನ ಸಿ ಜೀವಸತ್ವ ಬಿಸಿಗೆ ಹಾಳಾಗುವುದಿಲ್ಲ. ಮೊದಲ ದಿನ ಹುಡುಗ ಮೂಸಿ ನೋಡಿದ. ಎರಡನೇ ದಿನ ಅರ್ಧ ತಿಂದ. ಸೊಸೆ ಒಂದು ಚಮಚ ಮೇಯೊನೇಸ್ ಬೆರೆಸಿದಳು, ನಾನು ತಕರಾರು ಮಾಡಲಿಲ್ಲ. ನಾಲ್ಕು ಚಮಚ ಒಂದಕ್ಕಿಳಿದಿದೆ! ಬಿಸಿಲುಗಾಲದಲ್ಲಿ ಮಾತ್ರ ಡಬ್ಬಿಗೆ ಹಾಕದೆ, ಶಾಲೆಯಿಂದ ಬಂದ ಮೇಲೆ ಕೊಡುತ್ತೇವೆ.

"ಇಷ್ಟಕ್ಕೆಲ್ಲ ಹೊತ್ತೆಲ್ಲಿದೆ ಟೀಚರ್?" ಎಂದು ಕೇಳುವಿರಿ. ಬಾಟಲಿ ಮಾರುವವನು ನಂಬಿರುವುದು ಈ ಪ್ರಶ್ನೆಯನ್ನೇ. ಹೊತ್ತಿಲ್ಲದಿರುವುದು ಮನೆಯ ಹೆಂಗಸಿಗೆ. ಮನೆಯಲ್ಲಿ ಬೇರೆಯವರ ಕೈಗಳೂ ಇವೆಯಲ್ಲ? ನಮ್ಮಲ್ಲಿ ಈಗ ಕೋಸು ಹೆಚ್ಚುವುದು ಮಗನ ಕೆಲಸ. ದಪ್ಪ ದಪ್ಪ ಹೆಚ್ಚುತ್ತಾನೆ. ಮೊಮ್ಮಗ ತಟ್ಟೆಯ ಅಂಚಿಗೆ ಎತ್ತಿಟ್ಟದ್ದನ್ನೆಲ್ಲ ಅವನೇ ತಿನ್ನಬೇಕೆಂದು ಸೊಸೆ ಹೇಳಿದ್ದಾಳೆ.