ತಲೆಸುತ್ತೂ ಕಿವಿಯ ಕಲ್ಲೂ

ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಯಾರಿಗಾದರೂ ತಲೆಸುತ್ತು ಬಂದಿತೆಂದರೆ ಮೊದಲು ಅಪರಾಧಿಯಾಗುವುದು ಪಿತ್ತ. ಪುನರ್ಪುಳಿಯ ಶರಬತ್ತು, ಜೀರಿಗೆ ಕೊತ್ತಂಬರಿಗಳ ಕಷಾಯ, ನಿಂಬೆಹುಳಿಯ ಪಾನಕ, ಇವು ಕ್ರಮವಾಗಿ ಹೊಟ್ಟೆ ಸೇರುತ್ತವೆ. ಅವುಗಳಿಂದ ಗುಣ ಕಾಣದಿದ್ದರೆ ರಕ್ತದೊತ್ತಡದ ಮೇಲೆ ಸಂಶಯ. ಒತ್ತಡವೂ ಸರಿಯಾಗಿದ್ದರೆ ‘ನಿತ್ರಾಣ’ವೆಂಬ ತೀರ್ಮಾನ, ಒಂದು ಬಾಟಲಿ ಗ್ಲೂಕೋಸು. ಕಡೆಗೆ ಒಂದು ಮಾತ್ರೆ ಗೊತ್ತಾಗುತ್ತದೆ. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಪುನರ್ಪುಳಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಬೇಸಗೆಯಲ್ಲಿ ಅದಕ್ಕಿಂತ ಹಿತವಾದ ಪಾನೀಯ ನನಗೆ ಇನ್ನೊಂದಿಲ್ಲ. ಆದರೆ ಹಾಸಿಗೆಯಲ್ಲಿ ಮಗ್ಗುಲು ಹೊರಳಿದೊಡನೆ ‘ಮಾಡೇ ತಿರುಗಿದ ಹಾಗಾಯಿತು’ ಎಂದು ಹೇಳುವವರ ತೊಂದರೆ ಹೆಚ್ಚಾಗಿ ಹೊಟ್ಟೆಯದಲ್ಲ, ಕಿವಿಯದು. ಅದನ್ನು ಅರ್ಥಮಾಡಿಕೊಳ್ಳಲು ಭೌತಶಾಸ್ತ್ರದ ಮೊದಲ ಪಾಠಗಳೇ ಸಾಕು. ಗುಣಪಡಿಸುವ ಉಪಾಯವೂ ಬಹುಮಟ್ಟಿಗೆ ಆ ಪಾಠಗಳಲ್ಲಿಯೇ ಇದೆ.

ಮೊದಲು ಮಾತನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ತಲೆಸುತ್ತು ಎಂಬ ಒಂದೇ ಪದದೊಳಗೆ ನಾವು ಹಲವು ಅನುಭವಗಳನ್ನು ತುರುಕಿಬಿಟ್ಟಿದ್ದೇವೆ. ಕುಳಿತಲ್ಲಿಂದ ಥಟ್ಟನೆ ಎದ್ದಾಗ ಕಣ್ಣು ಕತ್ತಲಿಡುವುದು ಒಂದು. ಅದು ರಕ್ತದ ಒತ್ತಡಕ್ಕೆ ಸಂಬಂಧಿಸಿದ್ದು. ನಡೆಯುವಾಗ ಕಾಲು ತೂರಾಡುವುದು ಇನ್ನೊಂದು. ಸುತ್ತಲಿನ ಗೋಡೆ, ಕಂಬ, ಮಾಡುಗಳೆಲ್ಲ ನಿಜವಾಗಿಯೂ ಗಿರ್ರನೆ ತಿರುಗಿದಂತೆ ತೋರುವುದು ಮೂರನೆಯದು. ಈ ಮೂರನೆಯದೇ ಇಲ್ಲಿನ ವಿಷಯ.

ನಮ್ಮ ಒಳಗಿವಿಯಲ್ಲಿ, ಕೇಳುವ ಅಂಗಕ್ಕೆ ತಗುಲಿಕೊಂಡೇ, ಒಂದಕ್ಕೊಂದು ಹೆಚ್ಚುಕಡಮೆ ಲಂಬವಾಗಿರುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಒಂದೊಂದು ಬಳೆಯ ವ್ಯಾಸ ಸುಮಾರು 6 ಮಿಲಿಮೀಟರ್. ಒಳಗೆ ನೀರಿನಂಥ ದ್ರವ. ಬಳೆಯ ಒಂದೆಡೆ ಲೋಳೆಯಂಥ ಮೆತ್ತನೆಯ ತೆರೆಯೊಂದು ದಾರಿಗೆ ಅಡ್ಡಲಾಗಿ ನಿಂತಿದೆ. ಇದರ ಕೆಲಸವನ್ನು ತಿಳಿಯಲು ಒಂದು ಕೊಡಪಾನ ನೀರಿದ್ದರೆ ಸಾಕು. ನೀರಿನ ಮೇಲೆ ಎಲೆಯೊಂದನ್ನು ತೇಲಬಿಟ್ಟು ಕೊಡಪಾನವನ್ನು ಫಕ್ಕನೆ ತಿರುಗಿಸಿರಿ. ಪಾತ್ರೆ ತಿರುಗುತ್ತದೆ, ಎಲೆ ಇದ್ದಲ್ಲಿಯೇ ಇರುತ್ತದೆ. ಇದೇ ಜಡತ್ವ. ತಲೆ ತಿರುಗಿದಾಗ ನಾಳದ ದ್ರವವೂ ಹಾಗೆಯೇ ಹಿಂದುಳಿದು ತೆರೆಯನ್ನು ಬಾಗಿಸುತ್ತದೆ. ಆ ಬಾಗುವಿಕೆಯಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೂಡಿಕೊಂಡು ಸುದ್ದಿ ನಿಲ್ಲುತ್ತದೆ. ಆಗ ನಿಂತುಬಿಟ್ಟರೆ? ದ್ರವ ಮುಂದೆ ಓಡುತ್ತದೆ; ಲೋಕವೇ ತಿರುಗತೊಡಗುತ್ತದೆ. ಅಂಗಳದಲ್ಲಿ ಸುತ್ತು ಸುತ್ತಿ ಬೀಳುವ ಮಕ್ಕಳಿಗೆಲ್ಲ ಇದು ಗೊತ್ತು.

ಈ ನಾಳಗಳಿಗೂ ದೇಹದ ತೋಲನಕ್ಕೂ ಸಂಬಂಧವಿದೆಯೆಂಬುದನ್ನು 1820ರ ದಶಕದಲ್ಲಿಯೇ ಫ್ರಾನ್ಸಿನ ಫ್ಲೂರೆನ್ಸನು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಕಂಡಿದ್ದನು. ಆದರೆ ಅವು ಅಳೆಯುವುದು ವೇಗವನ್ನಲ್ಲ, ಕೋನೀಯ ವೇಗೋತ್ಕರ್ಷವನ್ನು ಎಂಬುದನ್ನು 1873–75ರ ವೇಳೆಗೆ ಬಿಡಿಸಿ ಹೇಳಿದವರಲ್ಲಿ ಒಬ್ಬನು ಭೌತಶಾಸ್ತ್ರಜ್ಞ ಅರ್ನ್ಸ್ಟ್ ಮಾಖ್. ಶಬ್ದವೇಗದ ಸಂಖ್ಯೆಗೆ ಹೆಸರಿತ್ತವನೇ. ರೈಲು ತಿರುವಿನಲ್ಲಿ ಸಾಗುವಾಗ ಹೊರಗಿನ ಮನೆ ಮರಗಳು ವಾಲಿದಂತೆ ಕಾಣುವುದನ್ನು ಗಮನಿಸಿದ್ದೇ ಅವನ ಆಸಕ್ತಿಗೆ ಮೂಲ. ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ 57 ಸುರಂಗಗಳನ್ನು ದಾಟಿ ಘಟ್ಟವೇರುವ ರೈಲಿನಲ್ಲಿ ಕಿಟಕಿಯ ಬಳಿ ಕುಳಿತವರು ಮಾಖನ ಪ್ರಯೋಗವನ್ನು ಟಿಕೆಟಿನ ಬೆಲೆಗೇ ಮಾಡಬಹುದು.

ಇನ್ನು ಕಲ್ಲಿನ ವಿಚಾರ. ನಾಳಗಳ ಬುಡದಲ್ಲಿರುವ ಒಂದು ಚೀಲದಲ್ಲಿ ಸುಣ್ಣಕಲ್ಲಿನ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ, ಸೂಕ್ಷ್ಮ ಹರಳುಗಳು ಮೆತ್ತಿಕೊಂಡಿರುತ್ತವೆ. ತಲೆ ಯಾವ ಕಡೆಗೆ ವಾಲಿದೆಯೆಂಬುದನ್ನು ತಿಳಿಸುವುದು ಅವುಗಳ ಉದ್ಯೋಗ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಹರಳುಗಳು ಕಳಚಿ ನಾಳದೊಳಗೆ ಜಾರುವುದುಂಟು. ನಾಳದ ತೆರೆಗೂ ದ್ರವಕ್ಕೂ ಸಾಂದ್ರತೆ ಒಂದೇ ಆದುದರಿಂದ ಗುರುತ್ವಾಕರ್ಷಣೆಯು ಅದನ್ನು ಬಾಗಿಸಲಾರದು. ಆದರೆ ಹರಳಿನ ಸಾಂದ್ರತೆ ನೀರಿಗಿಂತ 2.7 ಪಟ್ಟು! ಮಗ್ಗುಲು ಹೊರಳಿದೊಡನೆ ಅವು ನಾಳದಲ್ಲಿ ಕೆಳಕ್ಕಿಳಿಯುತ್ತ ದ್ರವವನ್ನೂ ಎಳೆಯುತ್ತವೆ, ತೆರೆ ಬಾಗುತ್ತದೆ, ತಲೆ ತಿರುಗದಿದ್ದರೂ ತಿರುಗಿತೆಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತದೆ. ಕಣ್ಣುಗುಡ್ಡೆಗಳು ತುಯ್ಯುತ್ತವೆ, ವಾಂತಿ ಬರುತ್ತದೆ. ಒಂದು ನಿಮಿಷದೊಳಗೆ ಎಲ್ಲ ಶಾಂತ. ಈ ಕಾಯಿಲೆಯನ್ನು 1921ರಲ್ಲಿ ವರ್ಣಿಸಿದ ರಾಬರ್ಟ್ ಬಾರಾನಿಯು ಒಳಗಿವಿಯ ಸಂಶೋಧನೆಗಾಗಿ 1914ರ ನೊಬೆಲ್ ಬಹುಮಾನ ಪಡೆದವನು. ಬಹುಮಾನದ ಸುದ್ದಿ ಬಂದಾಗ ಅವನು ರಷ್ಯದಲ್ಲಿ ಯುದ್ಧಕೈದಿಯಾಗಿದ್ದನು. ಇದನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್ಪೈಕ್ ಎಂಬ ಇಂಗ್ಲೆಂಡಿನ ವೈದ್ಯರು 1952ರಲ್ಲಿ ವಿವರಿಸಿದರು. ರೋಗಿಯನ್ನು ಕುಳ್ಳಿರಿಸಿ, ತಲೆಯನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ತಲೆ ತುಸು ಕೆಳಕ್ಕೆ ಬಾಗುವಂತೆ ಹಿಂದಕ್ಕೆ ಮಲಗಿಸುವುದು, ಕಣ್ಣುಗಳನ್ನು ನೋಡುವುದು. ಅಷ್ಟೇ. ಯಂತ್ರವಿಲ್ಲ, ಸೂಜಿಯಿಲ್ಲ.

ಗುಣಪಡಿಸುವ ಕ್ರಮವೂ ಇಷ್ಟೇ ಸರಳ. ಹರಳು ಬಳೆಯೊಳಗೆ ಸಿಕ್ಕಿದೆ. ಬಳೆಯನ್ನು ಸರಿಯಾದ ದಿಕ್ಕಿನಲ್ಲಿ ತಿರುಗಿಸಿದರೆ ಅದು ತನ್ನ ಭಾರದಿಂದಲೇ ಉರುಳಿ ಹೊರಬಾಗಿಲಿಗೆ ಬರಬೇಕಷ್ಟೆ. ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯನು 1980ರ ಸುಮಾರಿಗೆ ಇದನ್ನು ಮಾಡಿ ತೋರಿಸಿದನು. ಇಷ್ಟು ಸುಲಭವಾದುದು ನಿಜವಾಗಿರಲಾರದೆಂದು ಸಹವೈದ್ಯರು ಬಹುಕಾಲ ನಂಬಲಿಲ್ಲ. ಹೆಸರಾದ ಪ್ರಬಂಧ ಅಚ್ಚಾದುದು 1992ರಲ್ಲಿ. ತೊಂದರೆಯ ಕಿವಿಯ ಕಡೆಗೆ ತಲೆಯನ್ನು 45 ಡಿಗ್ರಿ ತಿರುಗಿಸಿ ಮಲಗಿಸುವುದು, ಅನಂತರ ಎದುರು ಕಡೆಗೆ 90 ಡಿಗ್ರಿ, ಮುಖ ನೆಲವನ್ನು ನೋಡುವಂತೆ ಇನ್ನೂ 90 ಡಿಗ್ರಿ, ಕಡೆಗೆ ಎಬ್ಬಿಸಿ ಕುಳ್ಳಿರಿಸುವುದು. ಪ್ರತಿಯೊಂದು ಭಂಗಿಯಲ್ಲಿಯೂ ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಬೇಕು.

ಇಷ್ಟು ಹೊತ್ತು ಕಾಯುವುದೇಕೆ? ವಿದ್ಯಾರ್ಥಿಗಳು ಸ್ಟೋಕ್ಸನ ನಿಯಮವನ್ನು ಹೊರತೆಗೆಯಲಿ. ಹರಳಿನ ತ್ರಿಜ್ಯ ಮಿಲಿಮೀಟರಿನ ಸಾವಿರದ 5 ಭಾಗ. ದ್ರವಕ್ಕಿಂತ ಅದರ ಸಾಂದ್ರತೆ ಘನ ಮೀಟರಿಗೆ 1700 ಕಿಲೋಗ್ರಾಂ ಹೆಚ್ಚು. ದ್ರವದ ಸ್ನಿಗ್ಧತೆ ಹೆಚ್ಚುಕಡಮೆ ನೀರಿನದೇ. ಲೆಕ್ಕ ಹಾಕಿದರೆ ಇಳಿಯುವ ವೇಗ ಸೆಕೆಂಡಿಗೆ ಮಿಲಿಮೀಟರಿನ ಹತ್ತನೆಯ ಒಂದಂಶದಷ್ಟು ಬರುತ್ತದೆ. 3 ಮಿಲಿಮೀಟರ್ ತ್ರಿಜ್ಯದ ಬಳೆಯ ಕಾಲುಭಾಗ ಸುಮಾರು 4.7 ಮಿಲಿಮೀಟರ್, ಅದನ್ನು ಕ್ರಮಿಸಲು 47 ಸೆಕೆಂಡು! ಹರಳುಗಳು ಗುಂಪುಗೂಡಿದ್ದರೆ ಇನ್ನೂ ಬೇಗ. ವೈದ್ಯರು ಅನುಭವದಿಂದ ಕಂಡುಕೊಂಡ ಕಾಲಾವಧಿ ಹೀಗೆ ಒಂದು ಚೀಟಿಯ ಮೇಲೆ ದೊರೆಯುತ್ತದೆ. ಎಣ್ಣೆಯಲ್ಲಿ ಉಕ್ಕಿನ ಗುಂಡು ಬೀಳಿಸುವ ಪ್ರಯೋಗವನ್ನು ತರಗತಿಯಲ್ಲಿ ಬೇಸರದಿಂದ ಮಾಡಿಸುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಕ್ಕೀತು?

ಹೀಗಿರುವಾಗ ವರ್ಷಗಟ್ಟಲೆ ಮಾತ್ರೆ ನುಂಗುವುದು ಯಾವ ನ್ಯಾಯ? ಮಾತ್ರೆ ಹರಳನ್ನು ಕದಲಿಸಲಾರದು. ಅದು ಮಿದುಳಿಗೆ ಹೋಗುವ ಸುದ್ದಿಯನ್ನು ಮಂಕುಗೊಳಿಸಬಲ್ಲುದು, ಅಷ್ಟೇ. ವಾಂತಿ ವಿಪರೀತವಾದಾಗ ಒಂದೆರಡು ದಿನ ಅದು ಬೇಕಾದೀತು. ಆದರೆ ಈ ಕಾಯಿಲೆಗೆ ಅಂಥ ಮಾತ್ರೆಗಳನ್ನು ವಾಡಿಕೆಯಾಗಿ ಕೊಡಬಾರದೆಂದು ಅಮೆರಿಕದ ಕಿವಿ ಮೂಗು ಗಂಟಲು ತಜ್ಞರ ಸಂಸ್ಥೆಯು 2008ರಲ್ಲಿಯೂ 2017ರಲ್ಲಿಯೂ ಸ್ಪಷ್ಟವಾಗಿ ಹೇಳಿದೆ. ಹೊರರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುವಾಗ ಒಬ್ಬರಿಗಾಗಿ ಹತ್ತು ನಿಮಿಷ ಮೀಸಲಿಡುವುದು ವೈದ್ಯರಿಗೆ ಕಷ್ಟವೆಂಬುದನ್ನು ಬಲ್ಲೆ. ಚೀಟಿಯಿಲ್ಲದೆ ಹಿಂದಿರುಗಿದರೆ ‘ಮದ್ದೇ ಕೊಡಲಿಲ್ಲ’ ಎಂದು ದೂರುವವರೂ ನಾವೇ. ಆದರೂ ಆ ಹತ್ತು ನಿಮಿಷಗಳನ್ನು ಕೇಳಿ ಪಡೆಯಬೇಕು. ಯಾವ ಕಿವಿ, ಯಾವ ನಾಳ ಎಂಬುದನ್ನು ಗೊತ್ತುಮಾಡಬೇಕಾದುದರಿಂದ ಮೊದಲ ಸಲ ವೈದ್ಯರ ಕೈಯಿಂದಲೇ ಆಗುವುದು ಲೇಸು. ಕುತ್ತಿಗೆಯ ತೊಂದರೆಯಿದ್ದವರಂತೂ ತಾವಾಗಿ ಮಾಡಿಕೊಳ್ಳಲೇಬಾರದು. ಕೆಲವರಿಗೆ ವರ್ಷಗಳ ಮೇಲೆ ಮರುಕಳಿಸುವುದೂ ಉಂಟು. ಆಗ ಅದೇ ಚಿಕಿತ್ಸೆ ಮತ್ತೊಮ್ಮೆ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಮುಖ ಒಂದು ಕಡೆಗೆ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ, ಅದು ಕಿವಿಯ ಕಲ್ಲಲ್ಲ, ಮಿದುಳಿನ ರಕ್ತನಾಳದ ಅಪಾಯವಿರಬಹುದು. ಕಷಾಯಕ್ಕಾಗಲಿ ಎಪ್ಲಿಗಾಗಲಿ ಕಾಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲ ತಲೆಸುತ್ತೂ ಹರಳಿನದಲ್ಲ. ಒಂದು ಕಿವಿಯ ತೋಲನದ ನರವೇ ಉರಿಯೂತದಿಂದ ಸೋತು, ದಿನಗಟ್ಟಲೆ ಲೋಕ ತಿರುಗುವುದುಂಟು. ಅಲ್ಲಿಯೂ ನಮ್ಮ ಮನೆಗಳ ಪದ್ಧತಿ ಒಂದೇ: ಕತ್ತಲೆಯ ಕೋಣೆ, ಅಲುಗಾಡದೆ ಮಲಗುವುದು. ನನ್ನ ಬಳಗದ ಹಿರಿಯರೊಬ್ಬರು, ಎದ್ದರೆ ಬಿದ್ದೇನೆಂಬ ಹೆದರಿಕೆಯಿಂದ, ಒಂದು ಮಳೆಗಾಲವನ್ನೇ ಹೀಗೆ ಕಳೆದರು. ಮನೆಯವರೂ ಪ್ರೀತಿಯಿಂದ ‘ಏಳಬೇಡಿ ಅಜ್ಜ’ ಎನ್ನುತ್ತಿದ್ದರು. ಕೊನೆಗೆ ಅವರು ಎದ್ದಾಗ ಕಿವಿಗಿಂತ ಕಾಲೇ ಹೆಚ್ಚು ಸೋತಿತ್ತು. ಮೊದಲ ಒಂದೆರಡು ದಿನಗಳ ವಿಶ್ರಾಂತಿ ಸರಿ. ಅನಂತರ ಮಿದುಳು ಹೊಸ ಲೆಕ್ಕವನ್ನು ಕಲಿಯಬೇಕು, ಮತ್ತು ಅದು ಕಲಿಯುವುದು ಚಲನೆಯಿಂದಲೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಲೆಗೆ ಗಾಯವಾದ ಸೈನಿಕರಿಗಾಗಿ ಕಾಥಾರ್ನ್ ಮತ್ತು ಕುಕ್ಸಿ ಎಂಬಿಬ್ಬರು ಇಂಗ್ಲೆಂಡಿನಲ್ಲಿ ಕ್ರಮಬದ್ಧವಾದ ಸಾಧನೆಯನ್ನು ರೂಪಿಸಿದರು: ಮೊದಲು ಕಣ್ಣು, ಆಮೇಲೆ ತಲೆ, ಆಮೇಲೆ ಕುಳಿತು ಏಳುವುದು, ಚೆಂಡು ಎಸೆಯುವುದು, ಇಳಿಜಾರಿನಲ್ಲಿ ನಡೆಯುವುದು. ಈ ಕಲಿಕೆ ಎಷ್ಟು ದೂರ ಹೋಗಬಲ್ಲುದೆಂಬುದನ್ನು ನೋಡಬೇಕಾದರೆ ತೆಂಕುತಿಟ್ಟಿನ ಆಟಕ್ಕೆ ಹೋಗಬೇಕು. ಪುಂಡುವೇಷಧಾರಿ ಒಂದರ ಮೇಲೊಂದು ಧೀಂಗಿಣ ಹಾಕಿ ರಂಗಸ್ಥಳದಲ್ಲಿ ನೆಟ್ಟಗೆ ನಿಂತು ಅರ್ಥ ಹೇಳುತ್ತಾನೆ. ಅವನ ಕಿವಿಯ ದ್ರವಕ್ಕೇನೂ ಜಡತ್ವದಿಂದ ವಿನಾಯಿತಿಯಿಲ್ಲ. ಅದರ ಸುಳ್ಳು ಸುದ್ದಿಯನ್ನು ತಳ್ಳಿಹಾಕಲು ಮಿದುಳು ಕಲಿತಿದೆ. ಬ್ಯಾಲೆ ನರ್ತಕಿಯರ ಮಿದುಳಿನಲ್ಲಿ ಇಂಥ ಮಾರ್ಪಾಟಿನ ಕುರುಹನ್ನು ಲಂಡನಿನ ಇಂಪೀರಿಯಲ್ ಕಾಲೇಜಿನವರು 2013ರಲ್ಲಿ ಪ್ರಕಟಿಸಿದರು.

ಈ ಜ್ಞಾನ ಎಲ್ಲಿಗಿಂತಲೂ ಹೆಚ್ಚಾಗಿ ನಮ್ಮ ಅಡಿಕೆ ತೋಟಗಳಲ್ಲಿ ಬೇಕಾಗಿದೆ. ಕಾಲಿಗೆ ತಳೆ ಹಾಕಿ 50 ಅಡಿಯ ಮರವನ್ನೇರಿ, ಅಲ್ಲಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುವವನ ಬದುಕು ಆ ಮೂರು ಬಳೆಗಳ ಮೇಲೆ ನಿಂತಿದೆ. ಕೊನೆಯನ್ನು ನೋಡಲು ತಲೆಯನ್ನು ಹಿಂದಕ್ಕೆ ಬಾಗಿಸಬೇಕು. ಹರಳು ಕದಲುವ ಭಂಗಿಯೂ ಅದೇ. ಹಾಸಿಗೆಯಲ್ಲಿ ಒಂದು ನಿಮಿಷದ ತೊಂದರೆಯಾದುದು ಮರದ ತುದಿಯಲ್ಲಿ ಮರಣವಾದೀತು. ಈಗ ನೆಲದಲ್ಲಿ ನಿಂತೇ ಮದ್ದು ಬಿಡುವ, ಕೊನೆ ಕೊಯ್ಯುವ ಕಾರ್ಬನ್ ಫೈಬರಿನ ದೋಟಿಗಳು ಬಂದಿರುವುದು ದೊಡ್ಡ ಉಪಕಾರ. ಅಲ್ಲಿಯೂ ಗಂಟೆಗಟ್ಟಲೆ ಮೇಲೆ ನೋಡಬೇಕಾದುದು ತಪ್ಪಿದ್ದಲ್ಲ. ಆದರೆ ಬಿದ್ದರೆ ಆಳುದ್ದದ ಬೀಳು.

ಕೊಳೆರೋಗದ ಭಯದಿಂದ ಮಳೆಯ ಬಿಡುವಿನಲ್ಲಿಯೇ ಮದ್ದು ಮುಗಿಯಬೇಕೆಂಬ ಅವಸರದಲ್ಲಿ, ‘ನಿನ್ನೆ ತಲೆ ತಿರುಗಿತ್ತು ಅಣ್ಣೇರೆ’ ಎಂದವನಿಗೆ ‘ಒಂದು ಸೋಡಾ ಕುಡಿದು ಹತ್ತು ಮಾರಾಯ’ ಎನ್ನುವ ಧಣಿಗಳನ್ನು ನಾನು ಕಂಡಿದ್ದೇನೆ. ಹಾಗೆ ಹೇಳಿದವನನ್ನು ಅಂದು ಮರಕ್ಕೆ ಕಳುಹಿಸಬಾರದು; ಆ ದಿನದ ಕೂಲಿಯನ್ನೂ ಹಿಡಿಯಬಾರದು, ಹಿಡಿದರೆ ಮುಂದಿನ ಸಲ ಅವನು ಹೇಳುವುದೇ ಇಲ್ಲ. ಮರವೇರುವವರಿಗಾಗಿ ನಡೆಸುವ ತರಬೇತಿ ಶಿಬಿರಗಳಲ್ಲಿ ಒಬ್ಬ ವೈದ್ಯರನ್ನು ಕರೆದು, ಒಂದು ಮಂಚವನ್ನಿಟ್ಟು, ಡಿಕ್ಸ್ ಮತ್ತು ಹಾಲ್ಪೈಕರ ಆ ಪರೀಕ್ಷೆಯನ್ನು ಮಾಡಿಸಬಹುದು. ಸುಳ್ಯದಲ್ಲಿ ವೈದ್ಯಕೀಯ ಕಾಲೇಜೇ ಇದೆ. ಪುತ್ತೂರಿನಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಕಡಬದ ಒಳಹಳ್ಳಿಗಳಿಂದ ಬರುವುದು ಮಾತ್ರ ತುಸು ದೂರ, ಆದುದರಿಂದ ಶಿಬಿರಗಳು ಅಲ್ಲಿಂದಲೇ ಮೊದಲಾಗಲಿ. ಚಿಕಿತ್ಸೆಯಾದ ಮೇಲೆ, ಮಗ್ಗುಲು ಹೊರಳಿಸಿದರೂ ಮೇಲೆ ನೋಡಿದರೂ ಕೆಲವು ವಾರಗಳ ಕಾಲ ಏನೂ ಆಗದೆ, ವೈದ್ಯರು ಮತ್ತೆ ಪರೀಕ್ಷಿಸಿ ಒಪ್ಪಿದ ಬಳಿಕವೇ ಅವನು ತಳೆ ಕಟ್ಟಲಿ. ಅಲ್ಲಿಯವರೆಗೆ ಅಡಿಕೆ ಹೆಕ್ಕುವ, ಸುಲಿಯುವ ಕೆಲಸ ತೋಟದಲ್ಲಿ ಬೇಕಾದಷ್ಟಿದೆ.